ಗುತ್ತಿಗೆಗೆ ಹೋದ ಹಣ್ಣು

ಮನೆ ಇರುವುದು ರಾಮನಗರದ ಕೈಲಾಂಚ ಹೋಬಳಿಯಲ್ಲಿ. ಹೆಸರು ಬೇಡ. ಆ ಸುತ್ತಿನ ನಾಲ್ಕಾರು ಮನೆಗಳನ್ನು ಒಂದೇ ಸೂರಿನಡಿ ಕೂರಿಸಿ ಹೇಳುತ್ತಿದ್ದೇನೆ, ಯಾರೂ ಇದು ತಮ್ಮದೇ ಎಂದು ನೊಂದುಕೊಳ್ಳಬಾರದು. ಎರಡು ಎಕರೆ ಮಾವಿನ ತೋಪಿದೆ, ಬಹುಪಾಲು ಬಾದಾಮಿ. ಅತ್ತೆಗೆ ಸಕ್ಕರೆ ಕಾಯಿಲೆ, ಸೊಸೆಗೆ ರಕ್ತ ಕಮ್ಮಿ. ನಾಲ್ಕನೇ ಕ್ಲಾಸಿನ ಮಗ ತಟ್ಟೆಯಲ್ಲಿ ಹಸಿರು ಕಂಡರೆ ಮುಖ ಕಿವುಚುತ್ತಾನೆ. ಆಸ್ಪತ್ರೆಯಲ್ಲಿ ಮೂವರಿಗೂ ಒಂದೇ ಬುದ್ಧಿಮಾತು: ಸೊಪ್ಪು, ತರಕಾರಿ, ಹಣ್ಣು ಚೆನ್ನಾಗಿ ತಿನ್ನಿ. ಅತ್ತೆ ನರ್ಸಮ್ಮನಿಗೆ ತಿರುಗಿ ಕೇಳಿದ್ದೂ ಒಂದೇ ಮಾತು: "ತಿನ್‌ಬ್ಯಾಡಿ ಅಂದೋರು ಯಾರವ್ವ?"

ಈ ಪ್ರಶ್ನೆಗೆ ಉತ್ತರ ಹುಡುಕುವ ತಾಳ್ಮೆ ನಮ್ಮ ಬುದ್ಧಿವಾದಗಳಿಗೆ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರ ದಿನದ ತಟ್ಟೆಯಲ್ಲಿ ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ ಇರಬೇಕು. ಹುಡುಗನ ಪಾಲು ಕೊಂಚ ಇಳಿಸಿದರೂ ಗಂಡ, ಹೆಂಡತಿ, ಮಗ, ಅಜ್ಜಿ ನಾಲ್ವರಿಗೆ ದಿನಕ್ಕೆ ಹೆಚ್ಚುಕಡಿಮೆ ಎರಡು ಕಿಲೋ ಆಯಿತು. ಇವರ ಮನೆಗೆ ತರಕಾರಿ ಬರುವುದು ವಾರಕ್ಕೊಂದು ಸಲ, ಸಂತೆ ದಿನ, ಒಂದು ಚೀಲ. ಮೊದಲ ಮೂರು ದಿನ ಬೀನ್ಸು, ಬದನೆ, ಸೊಪ್ಪು. ಆಮೇಲೆ ಉಳಿಯುವುದು ಈರುಳ್ಳಿ, ಆಲೂಗಡ್ಡೆ, ಟೊಮೆಟೊ.

ತೋಪಿದ್ದೂ ಹಣ್ಣಿಲ್ಲವೇ? ಇಲ್ಲ. ಮರ ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ಸಾಲು ಸಾಲು ನೋಡಿ ಬೆಲೆ ಕಟ್ಟುತ್ತಾನೆ. ಮುಂಗಡ ಕೈಗೆ ಬಿತ್ತೆಂದರೆ ಮರ ಇವರದು, ಕಾಯಿ ಅವನದು. ರಾಜ್ಯದ ಮಾರುಕಟ್ಟೆಗೆ ಮೊದಲು ಇಳಿಯುವುದು ರಾಮನಗರ ಸೀಮೆಯ ಮಾವು, ಕೋಲಾರದ್ದು ತಡ. ಆ ಮುಂಚಿನ ಬೆಲೆಯೇ ಇಲ್ಲಿಯ ಲಾಭ. ಹಾಗಾಗಿ ಮರದಲ್ಲೇ ಹಣ್ಣಾಗಲಿ ಎಂದು ಯಾರೂ ಕಾಯುವುದಿಲ್ಲ. ಬಲಿತ ಕಾಯಿ ಕ್ರೇಟು ಸೇರಿ ಲಾರಿ ಹತ್ತುತ್ತದೆ. ಗಾಳಿಗೆ ಉದುರಿದ ಕಾಯಿಗೆ ಹುಡುಗ ಕೈ ಹಾಕಿದರೆ ಅಜ್ಜಿಯೇ ಗದರುತ್ತಾಳೆ: "ಮುಟ್ಬ್ಯಾಡ ಕಣ್ಲಾ, ಅದು ಸಾವ್ಕಾರಂದು." ತನ್ನ ತಾತ ನೆಟ್ಟ ಮರದ ಕೆಳಗೆ ನಿಂತು ಮಗು ಕಲಿಯುವ ಮೊದಲ ಪಾಠ, ಹಣ್ಣು ತಿನ್ನುವ ವಸ್ತುವಲ್ಲ ಎಂಬುದು.

ಗುತ್ತಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಜಿಗಿಹುಳು, ಆಲಿಕಲ್ಲು, ಬೆಲೆ ಕುಸಿತ ಎಲ್ಲವೂ ವ್ಯಾಪಾರಿಯ ತಲೆಗೆ ಹೋಗುತ್ತವೆ. 2025ರಲ್ಲಿ ತೋತಾಪುರಿ ಬೆಲೆ ನೆಲಕಚ್ಚಿ ಕೋಲಾರ ಸೀಮೆಯ ರೈತರು ಬೀದಿಗಿಳಿದದ್ದನ್ನು ನೋಡಿದವರು ಮುಂಗಡವನ್ನು ಬೇಡವೆನ್ನುವುದಾದರೂ ಹೇಗೆ? ಆ ದುಡ್ಡಿನಲ್ಲೇ ಸಂಘದ ಸಾಲದ ಕಂತು, ಮಗನ ಬಟ್ಟೆ ಬರೆ.

ಇನ್ನು ಸೊಪ್ಪಿನ ಮಾತು. ಇದೇ ತೋಪು ಅತ್ತೆ ಮದುವೆಯಾಗಿ ಬಂದಾಗ ರಾಗಿ ಹೊಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಸಾಲಿನ ನಡುವೆ ಯಾರೂ ಬಿತ್ತದೆ ಬರುತ್ತಿದ್ದವು ಅಣ್ಣೆ, ಕೀರೆ, ಗಣಿಕೆ, ಚಗಟೆ, ಕನ್ನೆ. ಕಳೆ ಕೀಳಲು ಹೋದವಳು ಮಡಿಲು ತುಂಬ ಬೆರಕೆ ಸೊಪ್ಪು ತಂದರೆ ರಾತ್ರಿ ಉಪ್ಸಾರಿಗೆ ಸಾಕು, ಒಂದು ಕಾಸು ಖರ್ಚಿಲ್ಲ. ಈಗ ಮರದ ಬುಡಕ್ಕೆ ಕಳೆನಾಶಕ ಹೊಡೆಯುತ್ತಾರೆ. ಕೂಲಿ ಉಳಿಯಿತು, ಜೊತೆಗೆ ಅತ್ತೆಯ ಅರ್ಧ ಅಡುಗೆಮನೆಯೂ ಸುಟ್ಟುಹೋಯಿತು.

ಸಂತೆಯಿಂದ ಸೊಪ್ಪು ತಂದರೂ ಸೋಸುವವರು ಯಾರು? ಬೆರಕೆ ಸೊಪ್ಪನ್ನು ಒಂದು ಸಲ ಮೊರಕ್ಕೆ ಸುರುವಿ ನೋಡಿ. ಬೇರಿಗಂಟಿದ ಮಣ್ಣು ಕೊಡವಬೇಕು, ಹುಲ್ಲು ಆಯಬೇಕು, ಬಲಿತ ಕಡ್ಡಿ ಮುರಿದು ಬಿಸಾಕಬೇಕು, ಎಲೆಯ ಹಿಂದೆ ಹುಳು ನೋಡಬೇಕು, ಮೂರು ನೀರಿನಲ್ಲಿ ತೊಳೆಯಬೇಕು. ಇಷ್ಟೆಲ್ಲ ಆದ ಮೇಲೆ ಬೆಂದು ಒಂದು ಹಿಡಿ. ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು, ಬೆಳಕು ಏರುವ ಮೊದಲೇ ಫ್ಯಾಕ್ಟರಿ ಬಸ್ಸು. ಅಷ್ಟರಲ್ಲಿ ಚಿತ್ರಾನ್ನ ಆಗುತ್ತದೆ, ಟೊಮೆಟೊ ಬಾತ್ ಆಗುತ್ತದೆ, ಬಸ್ಸಾರು ಆಗುವುದಿಲ್ಲ. ಸಂಜೆ ಬಂದವಳಿಗೆ ನಿಲ್ಲಲು ಕಾಲಿರುವುದಿಲ್ಲ. ಅಡುಗೆ ಮಾಡಿದ ದಿನವೂ ಬಡಿಸುವವಳು ಅವಳೇ, ಕೊನೆಗೆ ಕೂರುವವಳೂ ಅವಳೇ. ಆ ಹೊತ್ತಿಗೆ ಪಾತ್ರೆಯಲ್ಲಿ ಸಾರು ಇರುತ್ತದೆ, ಪಲ್ಯ ಇರುವುದಿಲ್ಲ. ರಕ್ತ ಕಮ್ಮಿ ಇರುವುದು ಯಾರಿಗೆ ಎಂದು ಮೇಲೆ ಹೇಳಿದ್ದೇನೆ.

ದುಡ್ಡಿನ ಲೆಕ್ಕ ಬೇರೆ. 2016ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 18 ದೇಶಗಳ ಅಧ್ಯಯನವೊಂದು ಪ್ರಕಟವಾಯಿತು. ಅದರ ಪ್ರಕಾರ ಮನೆಯ ಪ್ರತಿಯೊಬ್ಬರಿಗೂ ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿ ಕೊಡಲು ಭಾರತವೂ ಸೇರಿದಂತೆ ಬಡ ದೇಶಗಳಲ್ಲಿ ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಬೇಕಿತ್ತು. ಶ್ರೀಮಂತ ದೇಶಗಳಲ್ಲಿ ಶೇ 2ಕ್ಕೂ ಕಡಿಮೆ. ಆದರೆ ಎಲ್ಲವನ್ನೂ ಬಡತನದ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. 2022-23ರ ಕೇಂದ್ರ ಸರ್ಕಾರದ ಗೃಹಬಳಕೆ ಸಮೀಕ್ಷೆ ನೋಡಿದರೆ, ಹಳ್ಳಿಗರು ತರಕಾರಿಗಿಂತ ಹೆಚ್ಚು ಖರ್ಚು ಮಾಡುವುದು ಪಾನೀಯ ಮತ್ತು ಸಿದ್ಧ ತಿನಿಸುಗಳಿಗೆ. ಈ ಮನೆಯ ಯಜಮಾನನೂ ಸಂಜೆ ಬರುವಾಗ ಮಗನಿಗೆ ಹತ್ತು ರೂಪಾಯಿಯ ಚಿಪ್ಸು ತರುತ್ತಾನೆ, ಅದೇ ಅಂಗಡಿಯಲ್ಲಿ ತೂಗುಬಿದ್ದ ಬಾಳೆಗೊನೆ ಅವನ ಕಣ್ಣಿಗೆ ಬೀಳುವುದಿಲ್ಲ. ಹಣ್ಣು ಕೊಳ್ಳುವುದು ದೇವರಿಗೆ, ಹೆಣ್ಣು ನೋಡಲು ಹೋಗುವಾಗ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ. ಗಟ್ಟಿಮುಟ್ಟಾಗಿ ಓಡಾಡುವ ಮಗುವಿಗೆ ಯಾಕೆ? ಕೊಟ್ಟರೂ ಬಾಳೆ ಶೀತ, ಪರಂಗಿ ಉಷ್ಣ.

ರುಚಿ ಇಲ್ಲ, ಅದಕ್ಕೇ ತಿನ್ನುವುದಿಲ್ಲ ಎನ್ನುವವರು ಚಳಿಗಾಲದಲ್ಲಿ ಮಾಗಡಿ ಕಡೆ ಬರಲಿ. ಇಬ್ಬನಿ ಬಿದ್ದು ಸೊಗಡೇರಿದ ಅವರೆಕಾಯಿಯನ್ನು ತಿನ್ನಿ ಎಂದು ಅಲ್ಲಿ ಯಾವ ಡಾಕ್ಟರೂ ಹೇಳಬೇಕಾಗಿಲ್ಲ. ಸಾರಿಗೆ, ಉಪ್ಪಿಟ್ಟಿಗೆ, ರೊಟ್ಟಿಗೆ, ಹಿಸುಕಿದ ಬೇಳೆಗೆ, ಋತು ಮುಗಿಯುವವರೆಗೂ ಅದೇ. ಕಾಯಿ ಸುಲಿಯುವುದು ಸೊಪ್ಪು ಸೋಸುವುದಕ್ಕಿಂತ ಸುಲಭವೇನಲ್ಲ. ಆದರೆ ಟಿ.ವಿ. ಮುಂದೆ ಮೊರ ಇಟ್ಟರೆ ಗಂಡಸರೂ ಕೈ ಹಾಕುತ್ತಾರೆ, ಮಕ್ಕಳೂ ಹಾಕುತ್ತಾರೆ. ಸ್ವಂತ ಹೊಲದ್ದು, ಕೆಲಸವೂ ಹಂಚಿಕೊಂಡದ್ದು. ಕೈಲಾಂಚದ ಹುಡುಗನೂ ಅವರೆಕಾಳನ್ನು ತಟ್ಟೆಯಿಂದ ಆರಿಸಿ ಬಿಸಾಡುವುದಿಲ್ಲ.

ತಿನ್ನಬೇಡಿ ಎಂದವರು ಯಾರೂ ಇಲ್ಲ ನಿಜ. ಆದರೆ ತೋಪಿನ ಬೆಲೆ ಮಾತಾಡಿದವನು, ಕಳೆನಾಶಕ ಹೊಡೆಸಿದವನು, ಮೊರದ ಹತ್ತಿರ ಕೂರದವನು, ಮೊದಲ ಪಂಕ್ತಿಯಲ್ಲಿ ಪಲ್ಯ ಮುಗಿಸಿದವನು ಈ ಮನೆಯಲ್ಲಿ ಒಬ್ಬನೇ. ಗುತ್ತಿಗೆ ಅವನಿಗೆ ಅನಿವಾರ್ಯ ಇರಬಹುದು, ಉಳಿದ ಮೂರು ಅಲ್ಲ. ಸೊಸೆಗೆ ಕೊಡುವ ಬುದ್ಧಿಮಾತನ್ನು ಆಸ್ಪತ್ರೆಯವರು ಅವನನ್ನು ಕೂರಿಸಿ ಹೇಳಬೇಕಿತ್ತು.

ತೋಪಿರುವ ಯಜಮಾನರಲ್ಲಿ ಒಂದು ವಿನಂತಿ. ಈ ಸಲ ಹೂ ಬಿಟ್ಟಾಗ ವ್ಯಾಪಾರಿ ಬಂದರೆ ಮನೆ ಹತ್ತಿರದ ಎರಡು ಮರ ಬಿಟ್ಟು ಬೆಲೆ ಮಾತಾಡಿ, ಅವುಗಳ ಬುಡಕ್ಕೆ ಕಳೆನಾಶಕ ಹೊಡೆಸಬೇಡಿ.