ಮೃತರ ಹೆಸರಿನಲ್ಲಿ ಆಡುವ ಮಾತು

ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹೇಳಿರುವನು. ಪಾಠಶಾಲೆಯಲ್ಲಿ ಇದನ್ನು ಕಂಠಸ್ಥ ಮಾಡಿದ ನಾನು, ಈ ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಚಲಚ್ಚಿತ್ರವೊಂದನ್ನು ಮನೆಯ ಮಕ್ಕಳ ಒತ್ತಾಯದಿಂದ ನೋಡಬೇಕಾಯಿತು. 2025ನೆಯ ಇಸವಿ ಜುಲೈ 25ರಂದು ತೆರೆಕಂಡ, ಶ್ರೀ ಜೆ. ಪಿ. ತೂಮಿನಾಡರ ‘ಸು ಫ್ರಮ್ ಸೋ’ ಎಂಬುದೇ ಅದು. ಹೊಟ್ಟೆ ಹಿಡಿದುಕೊಂಡು ನಕ್ಕೆನು. ವಿಶ್ವನಾಥನು ಸೋತನೆಂದು ಒಪ್ಪಿಕೊಂಡೆನು. ಆದರೆ ಆದಿ ಉಡುಪಿಗೆ ಮರಳುವ ದಾರಿಯಲ್ಲಿ ನನ್ನನ್ನು ಕಾಡಿದುದು ರಸವಿಚಾರವಲ್ಲ, ಧರ್ಮವಿಚಾರ.

ಅಶೋಕನೆಂಬ ಹಳ್ಳಿಯ ಯುವಕನು ತನ್ನ ಹುಚ್ಚಾಟವೊಂದರ ನಾಚಿಕೆಯನ್ನು ಮುಚ್ಚಿಕೊಳ್ಳಲು, ದೆವ್ವವು ಮೈಮೇಲೆ ಬಂದಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನೆಯೆಂಬ ಹೆಸರು ಹೊರಬೀಳುತ್ತದೆ. ಊರು ನಡುಗುತ್ತದೆ, ಗುರೂಜಿಯೊಬ್ಬರ ಆಗಮನವೂ ಆಗುತ್ತದೆ. ಕಡೆಗೆ ನೋಡಿದರೆ, ಸುಲೋಚನೆಯು ನಿಜವಾಗಿಯೂ ಬಾಳಿ ಸತ್ತವಳು. ಆಕೆಯ ಮಗಳು ಭಾನು ಸಂಕಟದಲ್ಲಿರುವಳು. ತನ್ನ ಮಾನವನ್ನು ಉಳಿಸಿಕೊಳ್ಳಲು ಹೂಡಿದ ಸುಳ್ಳನ್ನೇ ಅಶೋಕನು ಆ ಮಗಳ ರಕ್ಷಣೆಗೆ ತಿರುಗಿಸುತ್ತಾನೆ.

ಸತ್ಯವ್ರತಿಯಾದ ಕೌಶಿಕನು, ಅಡಗಿದವರ ದಾರಿಯನ್ನು ಕಳ್ಳರಿಗೆ ಇದ್ದಂತೆಯೇ ತಿಳಿಸಿ ನರಕಕ್ಕೆ ಹೋದ ಕಥೆಯನ್ನು ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳಿರುವನಷ್ಟೆ. ಆದುದರಿಂದ ಅಶೋಕನ ಸುಳ್ಳು ಕ್ಷಮ್ಯವೆಂದು ವಾಚಕರು ತೀರ್ಪು ಕೊಡಬಹುದು. ನನಗೆ ಅಷ್ಟರಿಂದ ಸಮಾಧಾನವಿಲ್ಲ. ಕೌಶಿಕನು ಸುಳ್ಳಾಡಿದ್ದರೂ ಅದು ಅವನ ಸ್ವಂತ ಮಾತಾಗುತ್ತಿತ್ತು. ಇಲ್ಲಿಯಾದರೋ ಮಾತು ಒಬ್ಬನದು, ಹೆಸರು ಇನ್ನೊಬ್ಬಳದು. ಆ ಹೆಸರಿನವಳು ಎದ್ದು ಬಂದು, ನಾನು ಹಾಗೆನ್ನಲಿಲ್ಲ ಎನ್ನಲಾರಳು.

ಪರದೇಶದ ಕಥೆಗಳಲ್ಲಿ ಈ ತೊಡಕು ಕಡಿಮೆ. 1897ರಲ್ಲಿ ‘ಡ್ರಾಕುಲಾ’ವನ್ನು ಪ್ರಕಟಿಸಿದ ಬ್ರಾಮ್ ಸ್ಟೋಕರನು ಐರ್ಲೆಂಡಿನವನು. ಅದೇ ನಾಡಿನ ‘ಬಾಯ್ಸ್ ಫ್ರಮ್ ಕೌಂಟಿ ಹೆಲ್’ ಎಂಬ 2020ರ ನಗೆಚಿತ್ರದಲ್ಲಿ, ರಸ್ತೆಗಾಗಿ ಹಳೆಯ ಕಲ್ಲುಗುಪ್ಪೆಯನ್ನು ಕೆಡವಿದಾಗ ರಕ್ತ ಹೀರುವ ಪಿಶಾಚವೇಳುತ್ತದೆ. ಅಲ್ಲಿ ಸತ್ತವನು ಶತ್ರು. ಅವನನ್ನು ಅಡಗಿಸಿದರೆ ಕಥೆ ಮುಗಿಯಿತು. ತುಳುನಾಡಿನಲ್ಲಿ ಸತ್ತವರು ಮನೆಯವರೇ ಆಗಿರುವರು. ಆಟಿಯಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುವೆವು. ಮದುವೆಯಾಗದೆ ಸತ್ತವರಿಗೆ ಮದುವೆ ಮಾಡಿಸುವ ಮನೆಗಳೂ ಉಂಟು. (ಈ ಚಿತ್ರವು ಬಂದುದೂ ಆಟಿಯಲ್ಲಿಯೇ!) ಇಂಥ ನಾಡಿನಲ್ಲಿ ಮೃತರ ಹೆಸರನ್ನು ಎರವಲು ತಂದವನು, ಅವರು ಬಿಟ್ಟುಹೋದವರಿಗೆ ಸಾಲಗಾರನಾಗುತ್ತಾನೆ. ಅಶೋಕನು ಭಾನುವಿಗೆ ಮಾಡಿದುದನ್ನು ಉಪಕಾರವೆನ್ನಲಾರೆ. ಅದು ಸಾಲದ ತೀರಿಕೆ.

ಈ ಸಾಲದ ಪರಿಚಯ ನನಗೆ ಹಿಂದೊಮ್ಮೆ ಆಗಿತ್ತು. ಕಾರ್ಕಳದ ಕಡೆಯ ಹಳ್ಳಿಶಾಲೆಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ಪಾಠ ಒಪ್ಪಿಸಲಾರದ ಹುಡುಗನೊಬ್ಬನು ನನ್ನ ಬೆತ್ತವನ್ನು ಕಂಡೊಡನೆ ಗಡಗಡನೆ ನಡುಗಿ, ತಾನು ಸತ್ತುಹೋದ ಅಜ್ಜಿಯೆಂದು ಕೂಗತೊಡಗಿದನು. ಕಪಟವೆಂಬುದು ನನಗೂ ತರಗತಿಗೂ ಸ್ಪಷ್ಟವಾಗಿತ್ತು. ಮಕ್ಕಳು ನಗುತ್ತಿದ್ದರು, ನನಗೂ ನಗು ಬಂದಿತ್ತು. ಅಷ್ಟರಲ್ಲಿ, ಮನೆ ಹತ್ತಿರವೇ ಇದ್ದುದರಿಂದ, ಸುದ್ದಿ ತಿಳಿದು ತಾಯಿ ಓಡಿಬಂದಳು. ಬಂದವಳೇ ಮಗನ ಮುಂದೆ ಕೈಮುಗಿದು, “ಅಮ್ಮಾ, ಹೋದ ಆಟಿಯಲ್ಲಿ ಬಡಿಸಿದ್ದು ನಿನಗೆ ಸೇರಿತೇ?” ಎಂದು ತುಳುವಿನಲ್ಲಿ ಕೇಳಿದಳು.

ನಗು ನಿಂತಿತು. ಹುಡುಗನು ನನ್ನ ಮುಖವನ್ನೊಮ್ಮೆ, ತಾಯಿಯ ಮುಖವನ್ನೊಮ್ಮೆ ನೋಡಿ, ಮೆಲ್ಲನೆ, “ಸೇರಿತು” ಎಂದನು. ಆಕೆ ಸೆರಗಿನಿಂದ ಕಣ್ಣೊರಸಿಕೊಂಡಳು. ನಿಜವನ್ನು ಹೇಳತಕ್ಕವನು ನಾನೊಬ್ಬನೇ ಆಗಿದ್ದೆನು. ಬೆತ್ತವನ್ನು ಮೇಜಿನ ಮೇಲಿರಿಸಿ, ಪುಸ್ತಕವನ್ನು ತೆರೆದು, ಮುಂದಿನ ಪಾಠವನ್ನು ಆರಂಭಿಸಿದೆನು.