ವಾಹನದ ಕಾವಲು, ಮನದ ಕಾವಲು

ಗಳಿಸುವ ಶ್ರಮವು ಒಂದು ಬಗೆಯದಾದರೆ, ಗಳಿಸಿದುದನ್ನು ಉಳಿಸಿಕೊಳ್ಳುವ ಶ್ರಮವು ಇನ್ನೊಂದು ಬಗೆಯದು. ಮೊದಲನೆಯದು ಮೈಯನ್ನು ದಣಿಸುತ್ತದೆ. ಎರಡನೆಯದು ಮನಸ್ಸನ್ನು ದಣಿಸುತ್ತದೆ. ಮೈಯ ದಣಿವನ್ನು ರಾತ್ರಿಯ ನಿದ್ರೆಯು ಕಳೆಯುವುದು. ಮನಸ್ಸಿನ ದಣಿವು ಆ ನಿದ್ರೆಯನ್ನೇ ಕಳೆಯುವುದು. ಕಾಯಕದ ವಿಷಯದಲ್ಲಿಯೂ ದಾಸೋಹದ ವಿಷಯದಲ್ಲಿಯೂ ಭಕ್ತರು ಬೇಕಾದಷ್ಟು ಉಪದೇಶವನ್ನು ಕೇಳಿದ್ದಾರೆ. ಆದರೆ ಕಾಯಕದಿಂದ ಬಂದ ಒಡವೆಯು ಮನೆಯಲ್ಲಿರುವಷ್ಟು ಕಾಲ ಅದನ್ನು ಹೇಗೆ ಕಾಯಬೇಕು, ಎಷ್ಟರಮಟ್ಟಿಗೆ ಕಾಯಬೇಕು ಎಂಬ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಸಂಸಾರಿಯಾದ ಭಕ್ತನಿಗೆ ಇದು ದಿನದಿನವೂ ಎದುರಾಗುವ ಪ್ರಶ್ನೆಯಾದುದರಿಂದ ಇದನ್ನು ವಿಚಾರಿಸುವುದು ಅವಶ್ಯಕ.

ಮಂಗಳೂರು ನಗರದ ಬಿಜೈ ಪ್ರದೇಶವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು ನಿಲ್ದಾಣವಿರುವುದು ಇಲ್ಲಿಯೇ. ಹಗಲಿರುಳೆನ್ನದೆ ನಾನಾ ಊರುಗಳ ಜನರು ಇಲ್ಲಿ ಇಳಿಯುತ್ತಾರೆ, ಏರುತ್ತಾರೆ. ಹೆಂಚಿನ ಮನೆಗಳ ಪಕ್ಕದಲ್ಲಿ ಬಹುಮಹಡಿಯ ಕಟ್ಟಡಗಳು ಎದ್ದಿವೆ. ಹಿರಿಯ ರಸ್ತೆಯಿಂದ ಕವಲೊಡೆದ ಓಣಿಗಳು ಮಾತ್ರ ಮೊದಲಿನಂತೆಯೇ ಇಕ್ಕಟ್ಟಾಗಿವೆ. ಉದ್ಯೋಗ ವ್ಯಾಪಾರಗಳ ನಿಮಿತ್ತ ಉತ್ತರ ಕರ್ನಾಟಕದಿಂದ ಬಂದ ಕುಟುಂಬವೊಂದು ಇಂಥ ಓಣಿಯಲ್ಲಿ ನೆಲೆಸಿದೆಯೆಂದೂ, ಆ ಮನೆಯ ಯಜಮಾನನು ಇಪ್ಪತ್ತು ವರ್ಷ ದುಡಿದ ಮೇಲೆ ಬಹುಕಾಲದ ಆಸೆಯಂತೆ ಹೊಸದೊಂದು ಸ್ಪೋರ್ಟ್ಸ್ ಕಾರನ್ನು ಕೊಂಡನೆಂದೂ ಭಾವಿಸಬಹುದು. ನೆಲಕ್ಕೆ ತಾಗಿದಂತಿರುವ ದೇಹ, ಕನ್ನಡಿಯಂತಹ ಹೊಳಪು, ಓಣಿಯೆಲ್ಲ ತಿರುಗಿ ನೋಡುವಂತಹ ಸದ್ದು. ಕಾರು ಮನೆಗೆ ಬಂದ ದಿನ ಪೂಜೆಯಾಯಿತು, ಪ್ರಸಾದವಾಯಿತು. ಆ ರಾತ್ರಿ ಯಜಮಾನನು ಮೂರು ಸಲ ಎದ್ದು ಕಿಟಕಿಯಿಂದ ಇಣುಕಿದನು. ವಾರ ಕಳೆಯುವುದರೊಳಗೆ ಗೇಟಿಗೆ ಎರಡನೆಯ ಬೀಗ ಬಂದಿತು, ಗೋಡೆಗೆ ಕ್ಯಾಮರಾ ಬಂದಿತು. ಇದು ವಿವೇಕವೋ, ವ್ಯಾಮೋಹವೋ?

ಶರಣಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ಒಂದು ಪ್ರಸಂಗವು ಕೂಡಲೇ ನೆನಪಾಗುವುದು. ಕಳ್ಳರು ಬಸವಣ್ಣನವರ ಆಕಳುಗಳನ್ನು ಹೊಡೆದುಕೊಂಡು ಹೋದಾಗ, ಕರುಗಳು ತಾಯಿಯಿಲ್ಲದೆ ಹಂಬಲಿಸಬಾರದೆಂದು ಅವರು ಕರುಗಳನ್ನೂ ಬಿಡಿಸಿ ಕಳುಹಿಸಿದರೆಂದು ಪ್ರಸಿದ್ಧವಾಗಿದೆ. ಇದನ್ನು ಕೇಳಿದ ಭಕ್ತನು, ಬೀಗ ಹಾಕುವುದೇ ಭಕ್ತಿಗೆ ಕುಂದೆಂದೂ, ಕಾರಿನ ಕೀಲಿಕೈಯನ್ನು ಅದರಲ್ಲಿಯೇ ಬಿಟ್ಟು ಮಲಗುವುದೇ ಶರಣತ್ವವೆಂದೂ ತಿಳಿಯಬಹುದು. ಆದರೆ ಅದೇ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಿದ್ದರೆಂಬುದನ್ನು ಮರೆಯಲಾಗದು. ಭಂಡಾರದ ಹಣವು ಜಂಗಮರ ಪಾಲಾಗುತ್ತಿದೆಯೆಂದು ಚಾಡಿಕೋರರು ದೂರಿದಾಗ, ಲೆಕ್ಕ ನೋಡಲಾಗಿ ಒಂದು ಹಾಗವೂ ಕಡಿಮೆಯಾಗಿರಲಿಲ್ಲವೆಂದು ಪರಂಪರೆಯು ಹೇಳುತ್ತದೆ. ತನ್ನ ಹಟ್ಟಿಯ ಕರುವನ್ನು ಬಿಚ್ಚಿ ಕೊಟ್ಟ ಕೈಯೇ ಲೋಕದ ಭಂಡಾರಕ್ಕೆ ಭದ್ರವಾಗಿ ಬೀಗ ಹಾಕಿತ್ತು. ಹಾನಿಯು ತನ್ನೊಬ್ಬನಿಗೇ ತಗಲುವುದಾದರೆ ಬಿಟ್ಟುಕೊಡುವ ಸ್ವಾತಂತ್ರ್ಯವಿದೆ. ಪರರಿಗೆ ತಗಲುವುದಾದರೆ ಕಾಯುವುದೇ ಧರ್ಮ. ಈ ಎರಡು ಪ್ರಸಂಗಗಳನ್ನು ಕೂಡಿಸಿ ಓದಿದಾಗ ದೊರೆಯುವ ಸೂತ್ರವಿದು.

ಈ ಸೂತ್ರದಿಂದ ನೋಡಿದರೆ ಕಾರು ಆಕಳಿನಂತಹ ಒಡವೆಯಲ್ಲ. ಕದ್ದ ಆಕಳು ಕಳ್ಳನ ಮನೆಯಲ್ಲಿಯೂ ಹಾಲನ್ನೇ ಕರೆಯುವುದು. ಕದ್ದ ಕಾರು ಹಾಗಲ್ಲ. ಅದು ಮತ್ತೊಂದು ಕಳವಿಗೆ ಸಾಧನವಾದೀತು. ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳುವ ಭರದಲ್ಲಿ ದಾರಿಹೋಕನ ಪ್ರಾಣವನ್ನೇ ತೆಗೆದೀತು. ಅತಿವೇಗವೇ ಗುಣವಾಗುಳ್ಳ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಈ ಭಯವು ಇಮ್ಮಡಿಯಾದುದು. ಮೇಲಾಗಿ, ಬಸವಣ್ಣನವರು ಸಾರಿದ ಏಳು ನಿಷೇಧಗಳಲ್ಲಿ ಮೊದಲನೆಯದೇ ಕಳವಿಗೆ ಸಂಬಂಧಿಸಿದ್ದು. ತಾನು ಕದಿಯದಿರುವುದು ಅದರ ಮೊದಲ ಅರ್ಥ. ಬಡತನದಿಂದಲೋ ದುಸ್ಸಂಗದಿಂದಲೋ ತೂಗಾಡುವ ಮನಸ್ಸಿನ ಮುಂದೆ ತೆರೆದ ಬಾಗಿಲಿನ ಆಮಿಷವನ್ನು ಒಡ್ಡದಿರುವುದೂ ಅದರಲ್ಲಿ ಅಡಗಿದೆ. ಬೀಗವು ಒಡವೆಯನ್ನು ಕಾಯುವುದರ ಜೊತೆಗೆ ದುರ್ಬಲನನ್ನು ಪಾಪದಿಂದಲೂ ಕಾಯುತ್ತದೆ.

ಆದುದರಿಂದ ಕಾವಲಿನ ಲೌಕಿಕ ಕ್ರಮಗಳನ್ನು ಭಕ್ತನು ತಿಳಿದಿರಬೇಕಾದುದು ಯುಕ್ತವೇ. ಸರಿಯಾದ ಕೀಲಿಕೈಯಲ್ಲಿರುವ ಸಂಕೇತವು ದೊರೆಯದಿದ್ದರೆ ಎಂಜಿನು ಚಾಲನೆಗೊಳ್ಳದಂತೆ ತಡೆಯುವ ಇಮ್ಮೊಬಿಲೈಸರ್ ಎಂಬ ಸಾಧನವು ಇಂದಿನ ಕಾರುಗಳಲ್ಲಿರುತ್ತದೆ. ಕಿಸೆಯಲ್ಲಿ ಕೀಲಿಕೈ ಇದ್ದರೆ ಸಾಕು, ಬಾಗಿಲು ತಾನಾಗಿ ತೆರೆಯುವ ಕಾರುಗಳಲ್ಲಿ ಮಾತ್ರ ಒಂದು ಅಪಾಯವುಂಟು. ಮನೆಯ ಗೋಡೆಯ ಬಳಿ ಒಬ್ಬನೂ ಕಾರಿನ ಬಳಿ ಇನ್ನೊಬ್ಬನೂ ನಿಂತು, ಒಳಗಿರುವ ಕೀಲಿಕೈಯ ರೇಡಿಯೋ ಸಂಕೇತವನ್ನು ಉಪಕರಣದಿಂದ ಕಾರಿನವರೆಗೆ ದಾಟಿಸಿದರೆ, ಕಾರು ಮೋಸಹೋಗಿ ತೆರೆದುಕೊಳ್ಳುತ್ತದೆ. ಕೀಲಿಕೈಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕದೆ, ಒಳಕೋಣೆಯಲ್ಲಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟರೆ ಆ ಸಂಕೇತಕ್ಕೆ ತಡೆಯಾಗುವುದು. ಸ್ಟಿಯರಿಂಗಿಗೆ ಹಾಕುವ ಕಬ್ಬಿಣದ ಬೀಗವು ಹಳೆಯ ಉಪಾಯವಾದರೂ, ಕಣ್ಣಿಗೆ ಕಾಣುವಂತಹುದಾದುದರಿಂದ ಕಳ್ಳನನ್ನು ಹಿಂಜರಿಯುವಂತೆ ಮಾಡುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ, ಕಾರಿಗೆ ಹೊದಿಸುವ ಮುಸುಕು ಗಾಳಿಯಾಡುವಂಥದಾಗಿರಬೇಕು. ಇಲ್ಲವಾದರೆ ಕಳ್ಳನು ಮುಟ್ಟುವ ಮುನ್ನವೇ ತೇವವೂ ಉಪ್ಪುಗಾಳಿಯೂ ತಮ್ಮ ಕೆಲಸವನ್ನು ಮಾಡಿ ಮುಗಿಸುತ್ತವೆ.

ಕೀಲಿಕೈಯನ್ನು ಜೋಪಾನ ಮಾಡಬೇಕಾದುದಕ್ಕೆ ಇನ್ನೂ ಗುರುತರವಾದ ಕಾರಣವೊಂದಿದೆ. ಹೊರಗಿನ ಕಳ್ಳನಿಗಿಂತ ಮುಂಚೆ ಅದರ ಮೇಲೆ ಕಣ್ಣಿಡುವವನು ಮನೆಯ ಹದಿನಾರರ ಮಗನೇ ಆಗಿರಬಹುದು. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಲಾದ 199ಎ ಎಂಬ ಕಲಮಿನ ಮೇರೆಗೆ, ಅಪ್ರಾಪ್ತ ವಯಸ್ಸಿನವನು ವಾಹನ ನಡೆಸಿ ಅಪರಾಧವೆಸಗಿದರೆ, ಅವನ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗಿನ ಸೆರೆಮನೆವಾಸವೂ 25,000 ರೂಪಾಯಿಗಳ ದಂಡವೂ ಆಗಬಹುದು. ಕಾಯಿದೆಯ ಮಾತು ಒತ್ತಟ್ಟಿಗಿರಲಿ. ಆ ಮಗನ ಪ್ರಾಣಕ್ಕೋ ಅವನ ಚಕ್ರಕ್ಕೆ ಸಿಕ್ಕಿದವರ ಪ್ರಾಣಕ್ಕೋ ಯಾವ ದಂಡವು ಸಮನಾದೀತು? ಕಳ್ಳನಿಗೆಂದು ಹಾಕಿದ ಬೀಗವು ಎಷ್ಟೋ ವೇಳೆ ಕಾಯುವುದು ಮನೆಯ ಮಕ್ಕಳನ್ನೇ.

ವಿಮೆಯ ವಿಷಯವೂ ಇಲ್ಲಿ ಬರುತ್ತದೆ. ಕಾನೂನು ಕಡ್ಡಾಯ ಮಾಡಿರುವ ವಿಮೆಯು ಪರರಿಗಾಗುವ ಹಾನಿಗೆ ಸಂಬಂಧಿಸಿದ್ದು; ಸ್ವಂತ ಕಾರಿನ ಕಳವಿಗೂ ಜಖಮಿಗೂ ಬೇರೆ ವಿಮೆಯನ್ನು ಮಾಡಿಸಬೇಕು. ಕಳವಾದೊಡನೆ ಪೊಲೀಸರಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನೂ ಕಾರಿನ ಕೀಲಿಕೈಗಳನ್ನೂ ವಿಮೆಯವರಿಗೆ ಒಪ್ಪಿಸಬೇಕಾಗುತ್ತದೆ. ಇಷ್ಟು ವ್ಯವಹಾರದ ಮಾತು. ಇದರಲ್ಲಿ ಸದಾಚಾರದ ಮಾತೂ ಒಂದಿದೆ. ಯಾರೋ ಕಾರಿನ ಬಾಗಿಲನ್ನು ಗೀರಿದಾಗ, ಹಿಂದೆ ತನ್ನದೇ ಅಜಾಗ್ರತೆಯಿಂದ ನುಗ್ಗಾದ ಭಾಗವನ್ನೂ ಅದರೊಡನೆ ಸೇರಿಸಿ ಪರಿಹಾರ ಕೇಳುವ ಚಪಲವು ಸಾಮಾನ್ಯವಾದುದು. ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಮಿಕ್ಕುದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದಳು. ನೆಲಕ್ಕೆ ಚೆಲ್ಲಿದ ಅಕ್ಕಿಯಲ್ಲಿಯೇ ತನ್ನದೆಷ್ಟು, ತನ್ನದಲ್ಲದುದೆಷ್ಟು ಎಂದು ಎಣಿಸಿದ ಆ ಮಹಾತಾಯಿಯ ಮುಂದೆ ವಿಮೆಯ ಸುಳ್ಳು ಲೆಕ್ಕವು ಎಂತು ನಿಂತೀತು? ಕಳ್ಳರಿಂದ ಕಾರನ್ನು ಕಾಯಹೊರಟವನು ತಾನೇ ಕಳವಿಗೆ ಇಳಿದರೆ ಕಾವಲು ಯಾವುದಕ್ಕಾಗಿ?

ಇನ್ನು ಕಾವಲಿನ ಎಲ್ಲೆಯನ್ನು ವಿಚಾರಿಸಬೇಕು. ಒಂದು ಬೆಳಿಗ್ಗೆ ಆ ಹೊಳಪಿನ ಮೇಲೆ ಮೊಳದುದ್ದದ ಗೀರೊಂದು ಕಾಣಿಸಿತೆಂದು ಭಾವಿಸಬಹುದು. ಯಜಮಾನನ ಕಣ್ಣು ಮೊದಲು ಹೋಗುವುದು ಯಾರ ಮೇಲೆ? ಕಾರು ತೊಳೆಯುವ ಹುಡುಗನ ಮೇಲೆ, ಪಕ್ಕದ ಕಟ್ಟಡದ ಕಾವಲುಗಾರನ ಮೇಲೆ, ಎದುರಿನ ನಿವೇಶನದಲ್ಲಿ ಕಲ್ಲು ಹೊರುವ ಕೂಲಿಯವನ ಮೇಲೆ. ಬಾಗಲಕೋಟೆ, ಕೊಪ್ಪಳ, ಗದಗಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದ ಕೂಲಿಕಾರರು ಬಹಳ. ಯಜಮಾನನೂ ಅದೇ ಬಸ್ಸು ನಿಲ್ದಾಣದಲ್ಲಿ ಇಳಿದವನೇ. ಅವನ ತಂದೆಯೂ ಅವರ ತಂದೆಯೂ ಒಂದೇ ಸೀಮೆಯ ನೆಲವನ್ನು ಉತ್ತವರಿರಬಹುದು. ಆದರೂ ಗೀರನ್ನು ಕಂಡ ಗಳಿಗೆಯಲ್ಲಿ ಬಡವನ ಮುಖವು ಕಳ್ಳನ ಮುಖವಾಗಿ ತೋರುತ್ತದೆ. ಒಂದು ಮಾತು ಬಾಯಿಂದ ಜಾರಿದರೆ ಅವನ ಕೂಲಿ ಹೋಗುವುದು, ಊರಿನಲ್ಲಿರುವ ಅವನ ಮಕ್ಕಳ ಊಟ ಹೋಗುವುದು. ಕಾರಿನ ಗೀರನ್ನು ಬಣ್ಣ ಹಚ್ಚುವವನು ಎರಡು ದಿನಗಳಲ್ಲಿ ಮುಚ್ಚುವನು. ಕಳ್ಳನೆಂಬ ಮಾತು ಎಳೆದ ಗೀರನ್ನು ಮುಚ್ಚುವ ಬಣ್ಣ ಯಾವ ಅಂಗಡಿಯಲ್ಲಿಯೂ ಇಲ್ಲ. ಬಂದವರೆಲ್ಲರನ್ನೂ ತನ್ನವರೆಂದು ಬಗೆಯಬೇಕೆಂಬುದು ಬಸವಣ್ಣನವರ ಬೋಧೆ. ಆ ಬೋಧೆಯನ್ನು ಪ್ರತಿದಿನ ಪಠಿಸುವವನಿಗೆ ಈ ಗಳಿಗೆಯೇ ಪರೀಕ್ಷೆ.

ಹಾಗೆಂದು ಅಪರಾಧವನ್ನು ಕಡೆಗಣಿಸಬೇಕೆಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 303ನೆಯ ಕಲಮು ಕಳವಿಗೂ, 324ನೆಯ ಕಲಮು ಬೇಕೆಂದು ಮಾಡಿದ ಹಾನಿಗೂ ಶಿಕ್ಷೆಯನ್ನು ವಿಧಿಸುತ್ತವೆ. ಸಾಕ್ಷ್ಯವಿದ್ದಲ್ಲಿ ದೂರು ಕೊಡುವುದು ಸಮಾಜದ ಹಿತಕ್ಕೆ ಅವಶ್ಯವೇ. ಕ್ಯಾಮರಾದ ಉಪಯೋಗವೂ ಇದೇ: ತಪ್ಪಿತಸ್ಥನನ್ನು ತೋರಿಸುವುದರ ಜೊತೆಗೆ ನಿರಪರಾಧಿಯನ್ನು ಬಿಡಿಸುವುದು. ಸಾಕ್ಷ್ಯವಿಲ್ಲದಲ್ಲಿ ಸಂದೇಹವನ್ನು ನಾಲಗೆಯವರೆಗೆ ಬರಗೊಡದಿರುವುದು ಭಕ್ತನ ಕರ್ತವ್ಯ.

ಅಲ್ಲದೆ, ಗೀರು ಎಳೆದ ಕೈಗೆ ಕಾರಣವೇನೆಂದು ಒಮ್ಮೆ ಕೇಳಿಕೊಳ್ಳುವುದೂ ಒಳ್ಳೆಯದು. ಇಕ್ಕಟ್ಟಾದ ಓಣಿಯಲ್ಲಿ ಅರ್ಧ ದಾರಿಯನ್ನು ಆಕ್ರಮಿಸಿ ನಿಂತ ಕಾರು, ನಡುರಾತ್ರಿಯಲ್ಲಿ ಹಸುಗೂಸನ್ನು ಎಬ್ಬಿಸುವ ಎಂಜಿನಿನ ಗರ್ಜನೆ, ಮಳೆಗಾಲದ ಕೆಸರನ್ನು ದಾರಿಹೋಕರ ಮೇಲೆ ಎರಚುವ ಚಕ್ರ: ಇವು ನೆರೆಯವರಲ್ಲಿ ದಿನದಿನವೂ ಕಹಿಯನ್ನು ತುಂಬುತ್ತವೆ. ಕಹಿಯು ಕೈಗೆ ಮೊಳೆ ಕೊಡುತ್ತದೆ. ಗೀರಿದವನ ತಪ್ಪು ಇದರಿಂದ ತಪ್ಪಲ್ಲವೆಂದಾಗದು. ಆದರೆ ದಾರಿಯನ್ನು ಬಿಟ್ಟು ನಿಲ್ಲಿಸುವ, ಸದ್ದನ್ನು ಅಡಗಿಸಿ ನಡೆಸುವ, ಅಪರಾತ್ರಿಯಲ್ಲಿ ನೆರೆಮನೆಯ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಲು ತಾನಾಗಿ ಬಾಗಿಲು ತೆರೆಯುವ ಒಡೆಯನ ಕಾರಿಗೆ ಇಡಿಯ ಓಣಿಯೇ ಕಾವಲುಗಾರನಾಗುತ್ತದೆ. ದಾಸೋಹಕ್ಕಿಂತ ಮಿಗಿಲಾದ ಬೀಗವಿಲ್ಲ.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳಲ್ಲಿ ಶರಣರು ಅಪಾರವಾದ ಅರ್ಥವನ್ನು ತುಂಬಿದ್ದಾರೆ. ಕಾರು ಹುಟ್ಟಿದುದೇ ಚಲಿಸುವುದಕ್ಕೆ. ಕಾನೂನು ಕೂಡ ಅದನ್ನು ಚರಸ್ವತ್ತೆಂದೇ ಕರೆಯುತ್ತದೆ. ಆದರೆ ಗೀರಿನ ಭಯದಿಂದ ಪೇಟೆಗೆ ಒಯ್ಯದೆ, ಕಳವಿನ ಭಯದಿಂದ ಪರವೂರಿಗೆ ಒಯ್ಯದೆ, ಕೆಸರಿನ ಭಯದಿಂದ ಮಳೆಗಾಲದಲ್ಲಿ ಹೊರಗೆ ತೆಗೆಯದೆ, ಮುಸುಕು ಹೊದಿಸಿ ನಿಲ್ಲಿಸಿದಾಗ ಅದು ಸ್ಥಾವರವಾಗುವುದು. ಒಡೆಯನು ಅದರ ಮುಂದೆ ಕೈಕಟ್ಟಿ ನಿಂತ ಪೂಜಾರಿಯಾಗುವನು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದ ಭಕ್ತನು ಹಗಲಿರುಳೂ ಅದರ ವಿಷಯದಲ್ಲಿ ಎಚ್ಚರವಾಗಿರುತ್ತಾನೆ. ಆ ಎಚ್ಚರವು ಅವನಿಗೆ ಶಾಂತಿಯನ್ನು ಕೊಡುತ್ತದೆ. ಕಾರಿನ ಎಚ್ಚರವು ಅಶಾಂತಿಯನ್ನೇ ಕೊಡುತ್ತಿದ್ದರೆ, ಪೂಜೆಯ ಹೊತ್ತಿನಲ್ಲಿಯೂ ಕಿವಿಯು ಗೇಟಿನ ಸಪ್ಪಳಕ್ಕೇ ತೆರೆದಿದ್ದರೆ, ಕಳವು ಆಗಲೇ ಆಗಿಹೋಗಿದೆ. ಕಾರು ಅಂಗಳದಲ್ಲಿಯೇ ಇದೆ. ಕಳುವಾದುದು ಒಡೆಯನ ಮನಸ್ಸು. ಅದಕ್ಕೆ ದೂರು ಕೊಡುವ ಠಾಣೆಯಿಲ್ಲ, ಪರಿಹಾರ ಕೊಡುವ ವಿಮೆಯಿಲ್ಲ.

ಇದೇ ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯವಿದೆ. ಶಸ್ತ್ರವೈದ್ಯರಾಗಿದ್ದ ಕರ್ನಲ್ ಮಿರಾಜಕರ್ ಅವರು ತಮ್ಮ ಕಟ್ಟಡವನ್ನು ತಾಯಿಯ ಹೆಸರಿನಲ್ಲಿ ಲೋಕಕ್ಕೆ ಬಿಟ್ಟುಕೊಟ್ಟುದರ ಫಲವಾಗಿ 1960ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿಯೂ ಬೀಗಗಳಿವೆ, ಕಾವಲುಗಾರರಿದ್ದಾರೆ. ಅಲ್ಲಿಯ ಕಾವಲು ಎಲ್ಲರಿಗಾಗಿ ನಡೆಯುವ ಕಾವಲು. ಆದುದರಿಂದ ಅದು ಯಾರ ನಿದ್ರೆಯನ್ನೂ ಕೆಡಿಸುವುದಿಲ್ಲ. ಆ ಕಟ್ಟಡವನ್ನು ತಮ್ಮದೆಂದು ಇಟ್ಟುಕೊಂಡಿದ್ದರೆ ಆ ತಾಯಿಯ ಹೆಸರು ಇಂದು ಎಷ್ಟು ಜನರ ಬಾಯಲ್ಲಿ ಇರುತ್ತಿತ್ತು?

ಸಂಸಾರಿಯಾದ ಭಕ್ತನು ಕಾರನ್ನು ಕೊಳ್ಳಬಾರದೆಂದು ಶರಣಧರ್ಮವು ಹೇಳುವುದಿಲ್ಲ. ಸತ್ಯಶುದ್ಧ ಕಾಯಕದಿಂದ ಬಂದುದಾದರೆ ಅದೂ ಪ್ರಸಾದವೇ. ಪ್ರಸಾದವನ್ನು ನೆಲಕ್ಕೆ ಚೆಲ್ಲುವುದೂ ತಪ್ಪು, ಮುಚ್ಚಿಟ್ಟು ಹಳಸುವುದೂ ತಪ್ಪು. ಸಂಜೆ ಕಾರನ್ನು ದಾರಿಗೆ ಅಡ್ಡವಾಗದಂತೆ ನಿಲ್ಲಿಸಿ, ಬೀಗ ಹಾಕಿ, ಕೀಲಿಕೈಯನ್ನು ಅದರ ಡಬ್ಬಿಯಲ್ಲಿಟ್ಟ ಮೇಲೆ ಭಕ್ತನ ಕರ್ತವ್ಯವು ಅಲ್ಲಿಗೆ ಮುಗಿಯಿತು. ಮುಂದಿನದು ಪೂಜೆಯ ಹೊತ್ತು, ಪೂಜೆಯ ಅನಂತರ ನಿದ್ರೆಯ ಹೊತ್ತು. ಬೆಳಗಾದಾಗ ಕಾರು ಅಲ್ಲಿಯೇ ಇದ್ದರೆ ಅದರಿಂದ ನಾಲ್ವರಿಗೆ ಉಪಕಾರವಾಗಲಿ. ಅದರ ಮೇಲೆ ಗೀರೊಂದು ಕಂಡರೆ, ಓಣಿಯ ಬಡವನ ಮುಖವನ್ನು ನೋಡುವ ಮುನ್ನ ಭಕ್ತನು ಒಂದು ಗಳಿಗೆ ತನ್ನ ಕರಸ್ಥಲವನ್ನು ನೋಡಿಕೊಳ್ಳಲಿ.