ಇಲ್ಲಿ ಕಾಗದ ಯಾರಿಗೆ ಬರುತ್ತದೆ?

ವೆನಿಸ್‌ನಲ್ಲಿ ನಾವು ಉಳಿದುಕೊಂಡ ಕಟ್ಟಡದ ಬಾಗಿಲ ಪಕ್ಕ ಐದು ಕರೆಗಂಟೆಗಳಿದ್ದವು. ಅವುಗಳಲ್ಲಿ ಒಂದರ ಮುಂದೆ ಮಾತ್ರ ಹಿತ್ತಾಳೆಯ ಫಲಕದಲ್ಲಿ ಮನೆತನದ ಹೆಸರಿತ್ತು. ಉಳಿದ ನಾಲ್ಕಕ್ಕೆ ಬರೀ ಅಂಕಿಗಳು. ಕೆಳಗೆ ಬೀಗದ ಕೈ ಇಟ್ಟಿರುವ ಪುಟ್ಟ ಪೆಟ್ಟಿಗೆಗಳು. ಮೊಬೈಲಿಗೆ ಬಂದ ಸಂಖ್ಯೆ ಒತ್ತಿದರೆ ಪೆಟ್ಟಿಗೆ ತೆರೆಯುತ್ತಿತ್ತು, ಕೀ ಸಿಗುತ್ತಿತ್ತು. ಬನ್ನಿ ಎನ್ನುವವರು ಯಾರೂ ಇರಬೇಕಾಗಿರಲಿಲ್ಲ.

ಅಪ್ಪ ಚಿಕ್ಕಮಗಳೂರಿನ ಸುತ್ತಲ ಹಳ್ಳಿಗಳಲ್ಲಿ 32 ವರ್ಷ ಅಂಚೆ ಹಂಚಿದವರು. ಯಾವ ಊರಿಗೆ ಹೋದರೂ ಅವರ ಕಣ್ಣು ಮೊದಲು ಹೋಗುವುದು ಬಾಗಿಲ ಮೇಲಿನ ಹೆಸರಿನ ಕಡೆಗೆ. ಸೂಟ್‌ಕೇಸ್ ಕೆಳಗಿಟ್ಟು ಆ ಐದು ಗಂಟೆಗಳನ್ನು ನೋಡಿ ಕೇಳಿದರು: "ಅಲ್ಲ ಕಣೆ, ಐದು ಮನೆಗೆ ಒಂದೇ ಹೆಸರು. ಹಂಗಾದ್ರೆ ಇಲ್ಲಿ ಕಾಗದ ಯಾರಿಗೆ ಬರುತ್ತೆ?"

ನಾನು ನಕ್ಕು ಕೀ ತೆಗೆದೆ. ಆ ಪ್ರಶ್ನೆ ಮಾತ್ರ ಅಲ್ಲಿಂದಾಚೆಗೆ ನನ್ನನ್ನು ಬಿಟ್ಟಿಲ್ಲ.

ನಾನು ಪಾದುವಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಓದು ಬೇಸರವಾದಾಗಲೆಲ್ಲ ಆ ಊರಿಗೆ ಹೋಗಿ ದಿಕ್ಕು ತಪ್ಪಿ ಅಲೆದು ಸಂಜೆ ವಾಪಸು ಬರುವುದು ನನ್ನ ಅಭ್ಯಾಸ. 2024ರ ಮೇ ತಿಂಗಳಲ್ಲಿ ಅಪ್ಪ, ಅಮ್ಮ, ತಂಗಿ ಬಂದಾಗ ಅಲ್ಲೇ ಏಳು ದಿನ ಮನೆ ಹಿಡಿದೆ. ಅಪ್ಪ ತಮ್ಮ ರಜೆಗಳನ್ನೆಲ್ಲ ಕಾಫಿ ಕೊಯ್ಲಿಗೆ, ಅಜ್ಜಿಯ ಆಸ್ಪತ್ರೆಗೆ, ನೆಂಟರ ಮದುವೆಗೆ ಕಳೆದವರು. ಸುಮ್ಮನೆ ಕೂರುವ ರಜೆ ಅವರಿಗೆ ಸಿಕ್ಕಿರಲೇ ಇಲ್ಲ. "ಪ್ರವಾಸಿಗಳ ಹಾಗೆ ಓಡೋದು ಬೇಡ, ಈ ಊರಿನವರ ಹಾಗೆ ಇರೋಣ" ಎಂದು ನಾನೇ ಹೇಳಿದ್ದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ಹಾಗೆಯೇ ಇದ್ದೆವು. ಮನೆ ಇದ್ದದ್ದು ಊರಿನ ಪೂರ್ವದ ಕಾಸ್ತೆಲ್ಲೊ ಭಾಗದಲ್ಲಿ. ಸಾನ್ ಮಾರ್ಕೊ ಚೌಕದ ನೂಕುನುಗ್ಗಲು ಅಲ್ಲಿಗೆ ಬರುವಷ್ಟರಲ್ಲಿ ತೆಳುವಾಗಿರುತ್ತದೆ. ಗರಿಬಾಲ್ಡಿ ಬೀದಿಯ ಕೊನೆಯಲ್ಲಿ ಕಾಲುವೆಗೆ ಕಟ್ಟಿದ ದೋಣಿಯಲ್ಲಿ ತರಕಾರಿ ಮಾರುತ್ತಾರೆ. ಅಲ್ಲಿ ಸಾಂತ್ ಎರಾಸ್ಮೊ ದ್ವೀಪದ ನೇರಳೆ ಆರ್ಟಿಚೋಕ್ ಮೊಗ್ಗುಗಳನ್ನು ಕಂಡು ಅಮ್ಮ ನಿಂತುಬಿಟ್ಟರು. ಮಾರುವವನು ಹೊರಗಿನ ಎಸಳುಗಳನ್ನು ಸರಸರ ಕಿತ್ತು, ಒಳಗಿನ ತಿರುಳನ್ನು ಕಪ್ಪಾಗದಂತೆ ನಿಂಬೆನೀರಿಗೆ ಹಾಕುತ್ತಿದ್ದ. "ಬಾಳೆಹೂವಿನ ಹಂಗೇ! ನಾವು ಮಜ್ಜಿಗೇಲಿ ಹಾಕ್ತೀವಿ, ಇವನು ನಿಂಬೆಹುಳೀಲಿ" ಎಂದರು. ಅಂದು ಮಧ್ಯಾಹ್ನ ಅದಕ್ಕೆ ಸಾಸಿವೆ ಒಗ್ಗರಣೆ ಬಿತ್ತು. ಸಂಜೆ ಅಪ್ಪ ಕಲ್ಲುಬೆಂಚಿನ ಮೇಲೆ ಕೂತು ಸರಕಿನ ದೋಣಿಗಳನ್ನು ಎಣಿಸುತ್ತಿದ್ದರು. ಅವರು ಅಷ್ಟು ಹಗುರವಾಗಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮುಂದೆ ಹೇಳುವುದರಲ್ಲಿ ಈ ಸಂತೋಷ ಸುಳ್ಳೆಂದು ಯಾರೂ ತಿಳಿಯಬಾರದು.

ಹಿತ್ತಾಳೆ ಫಲಕದ ಹೆಸರು ಕೆಳಗಿನ ಮಹಡಿಯ ಒಬ್ಬ ಅಜ್ಜಿಯದು. ಮೂರನೆಯ ದಿನ ಅಮ್ಮ ಊರಿಂದ ತಂದ ಚಕ್ಕುಲಿ ಹಿಡಿದು ಅವರ ಬಾಗಿಲು ತಟ್ಟಿದರು, ನಾನು ದುಭಾಷಿ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ದಿನ ಇರುತ್ತೀರಿ? ಏಳು ಎಂದೆ. "ಪರವಾಗಿಲ್ಲ, ಹೆಚ್ಚಿನವರು ಎರಡು ದಿನಕ್ಕೇ ಹೊರಡುತ್ತಾರೆ" ಎಂದರು. ನಮ್ಮ ಮನೆಯಲ್ಲಿ ಮೊದಲು ಶಾಲೆಯ ಮೇಷ್ಟರೊಬ್ಬರ ಸಂಸಾರವಿತ್ತಂತೆ, ಈಗ ನೀರಿನಾಚೆ ಮೆಸ್ತ್ರೆಯಲ್ಲಿದ್ದಾರಂತೆ. ಚಳಿಗಾಲದಲ್ಲಿ ಎಷ್ಟೋ ರಾತ್ರಿ ಇಡೀ ಕಟ್ಟಡದಲ್ಲಿ ತಮ್ಮದೊಂದೇ ದೀಪ ಎಂದರು. ಹೊರಡುವಾಗ ಅಮ್ಮ ತಮ್ಮ ಹೆಸರು ಹೇಳಿದರು. ಅಜ್ಜಿ ನಕ್ಕರು. "ಮೊದಲೆಲ್ಲ ಬಂದವರ ಹೆಸರು ಕೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಕೊನೆಯ ವಾಕ್ಯವನ್ನು ನಾನು ಅಮ್ಮನಿಗೆ ಅನುವಾದಿಸಲಿಲ್ಲ.

ರಿಯಾಲ್ಟೊ ಸೇತುವೆಯ ಹತ್ತಿರ ಸಾನ್ ಬಾರ್ತೊಲೊಮಿಯೊ ಚೌಕದಲ್ಲೊಂದು ಔಷಧದಂಗಡಿಯಿದೆ. ಅದರ ಕಿಟಕಿಯಲ್ಲಿ 2008ರಿಂದ ಒಂದು ಫಲಕ ಊರಿನ ಜನಸಂಖ್ಯೆಯನ್ನು ತೋರಿಸುತ್ತದೆ. 1951ರಲ್ಲಿ ಹಳೆಯ ವೆನಿಸ್‌ನಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಎಲ್ಲಕ್ಕೂ ಪ್ರವಾಸಿಗಳೇ ಕಾರಣವಲ್ಲ. ಕೆಲಸ ಒಳನಾಡಿಗೆ ಹೋಯಿತು. 1966ರ ನವೆಂಬರಿನ ಮಹಾಪ್ರವಾಹ ಕೆಳಮಹಡಿಗಳನ್ನು ಹಾಳುಮಾಡಿತು. ಉಪ್ಪುನೀರು ಕುಡಿದ ಗೋಡೆಗಳ ರಿಪೇರಿ ದುಬಾರಿ. ಆದರೆ ಬಿಟ್ಟುಹೋದವರ ಮನೆಗೆ ಮತ್ತೊಂದು ಸಂಸಾರ ಬರದೆ ನಮ್ಮಂಥವರು ಬರುತ್ತಿರುವುದು ಈಚಿನ ಕಥೆ. ಶಿಕ್ಷಕರೊಬ್ಬರು ತಿಂಗಳಿಗೆ ಕೊಡಬಲ್ಲ ಬಾಡಿಗೆಗೂ, ನಾಲ್ಕು ಜನ ಸೇರಿ ಒಂದು ವಾರಕ್ಕೆ ಕೊಡುವ ಹಣಕ್ಕೂ ಪೈಪೋಟಿ ನಡೆದರೆ ಗೆಲ್ಲುವವರು ಯಾರೆಂದು ಹೇಳಬೇಕಾಗಿಲ್ಲ.

ಶನಿವಾರ ಬೊಲೊನ್ಯಾದಿಂದ ಗೆಳೆಯನೊಬ್ಬ ನಮ್ಮನ್ನು ನೋಡಲು ಬಂದ. ಹಗಲು ಬಂದು ಹೋಗುವವರಿಗೆ ಜನದಟ್ಟಣೆಯ ದಿನಗಳಲ್ಲಿ 5 ಯೂರೊ ಪ್ರವೇಶ ಶುಲ್ಕವನ್ನು ವೆನಿಸ್ ಆ ವಸಂತದಲ್ಲಷ್ಟೇ ಪ್ರಯೋಗಕ್ಕೆ ತಂದಿತ್ತು. ಅವನು ಕಟ್ಟಿದ. ರಾತ್ರಿ ತಂಗುವವರು ಬೇರೆ ತೆರಿಗೆ ಕೊಡುತ್ತಾರೆಂದು ನಮಗೆ ವಿನಾಯಿತಿ. "ನೀವು ಊರಿನವರು, ನಾನು ಪ್ರವಾಸಿ" ಎಂದು ಅವನು ಛೇಡಿಸಿದ. ನನಗೆ ಅಲ್ಲಿ ಚುರುಕ್ಕೆಂದಿತು. ಅವನು ಓಣಿಯಲ್ಲಿ ಒಂದು ದಿನದ ಜಾಗ ಹಿಡಿದು ಸಂಜೆ ಬಿಟ್ಟುಕೊಟ್ಟ. ನಾವು ಹಿಡಿದದ್ದು ಒಂದು ಮನೆಯನ್ನು. ನಿಧಾನದ ಪ್ರವಾಸ ಹೆಚ್ಚು ಸಭ್ಯ ಎಂದು ನಾನು ನಂಬಿದ್ದೆ. ಊರಿನವರ ಹಾಗೆ ಇರಬೇಕಾದರೆ ಊರಿನವರ ಜಾಗ ಬೇಕಾಗುತ್ತದೆ ಎಂಬುದು ಹೊಳೆದಿರಲಿಲ್ಲ.

ಇದಕ್ಕೆ ಎದುರು ಮಾತುಗಳಿವೆ. ನಾವು ಬರದಿದ್ದರೆ ಮೇಷ್ಟರು ವಾಪಸು ಬರುತ್ತಿರಲಿಲ್ಲ. ಆ ಮನೆಯ ಬಾಡಿಗೆಯಿಂದಲೇ ಇನ್ನೊಂದು ವೆನಿಸ್ ಸಂಸಾರ ಅಲ್ಲಿ ಉಳಿದಿರಬಹುದು. ಇದನ್ನು ನಾನು ತಳ್ಳಿಹಾಕಲಾರೆ, ಏಕೆಂದರೆ ನಮ್ಮೂರಲ್ಲೂ ಇದೇ ಇದೆ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಸಾಲುಗಟ್ಟುವ ಬೆಂಗಳೂರಿನ ಕಾರುಗಳನ್ನು ಅಪ್ಪ ಬೈಯದ ವಾರವಿಲ್ಲ. ಆದರೆ ನಮ್ಮ ಚಿಕ್ಕಪ್ಪ ಕಾಫಿ ಬೆಲೆ ಕುಸಿದ ವರ್ಷಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು ಹೋಂಸ್ಟೇ ದುಡ್ಡಿನಲ್ಲಿ. ಒಂದು ವ್ಯತ್ಯಾಸ ಮಾತ್ರ ಇದೆ. ಅಲ್ಲಿ ಚಿಕ್ಕಮ್ಮ ಅದೇ ಮನೆಯಲ್ಲಿರುತ್ತಾರೆ. ಬಂದವರು ರಾತ್ರಿ ಗಲಾಟೆ ಮಾಡಿದರೆ ಎದ್ದು ಹೋಗಿ ಗದರುತ್ತಾರೆ.

ನನ್ನ ಸಂಶೋಧನೆ ಪೌರತ್ವದ ಬಗ್ಗೆ. ಹಾಗಾಗಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪುಟ್ಟ ಪುಸ್ತಕ ಸದಾ ಮೇಜಿನ ಮೇಲಿರುತ್ತದೆ. ಭೂಮಿ ದುಂಡಗಿದೆ, ಜನ ಅದರ ಮೇಲೆ ಎಷ್ಟು ಚದುರಿದರೂ ಕೊನೆಗೆ ಒಬ್ಬರನ್ನೊಬ್ಬರು ಸಹಿಸಿಕೊಳ್ಳಬೇಕು. ಆದ್ದರಿಂದ ಯಾರಿಗೂ ಎಲ್ಲಿಗೂ ಹೋಗಿ ಭೇಟಿಕೊಡುವ ಹಕ್ಕಿದೆ ಎನ್ನುತ್ತಾನೆ ಅವನು. ಆದರೆ ಅತಿಥಿಯಾಗಿ ಮನೆಯೊಳಗೆ ಉಳಿಯುವುದು ಹಕ್ಕಲ್ಲ, ಅದಕ್ಕೆ ಆ ಮನೆಯವರ ಒಪ್ಪಿಗೆ ಬೇಕು. ಭೇಟಿಯ ಹೆಸರಿನಲ್ಲಿ ಹೋಗಿ ಪರದೇಶಗಳನ್ನು ನುಂಗಿದ ಯುರೋಪಿನವರನ್ನು ಅವನು ಅಲ್ಲೇ ಖಂಡಿಸುತ್ತಾನೆ. ಭಾರತದವಳಾದ ನಾನು ಆ ಪುಟಗಳನ್ನು ಯಾವಾಗಲೂ ಮನೆ ಕಳೆದುಕೊಂಡವರ ಕಡೆ ನಿಂತು ಓದಿದ್ದೆ. ಬಂದು ಕೂತವರ ಕಡೆಯೂ ನಾನಿರಬಹುದು ಎಂದುಕೊಂಡಿರಲಿಲ್ಲ. ನಮ್ಮನ್ನು ಸಾಮ್ರಾಜ್ಯದ ಜೊತೆ ಹೋಲಿಸುವುದು ಅತಿಯಾಯಿತು, ನಿಜ. ಆದರೂ ಯಾರ ಒಪ್ಪಿಗೆ ಪಡೆದು ಒಳಗೆ ಬಂದೆ ಎಂದು ಕೇಳಿಕೊಂಡರೆ ನನ್ನ ಹತ್ತಿರ ಇರುವುದು ನಾಲ್ಕಂಕಿಯ ಒಂದು ಸಂಖ್ಯೆ. ಮನೆಯ ಒಡೆಯರು ಒಪ್ಪಿದ್ದಾರೆ, ಸರಿ. ಪ್ರತಿ ವಾರ ಹೊಸ ಅಪರಿಚಿತರ ಜೊತೆ ಮೆಟ್ಟಿಲು ಹಂಚಿಕೊಳ್ಳುವ ಅಜ್ಜಿಯನ್ನು ಯಾರೂ ಕೇಳಿಲ್ಲ.

ನಮ್ಮಲ್ಲಿ ಅತಿಥಿ ಎಂದರೆ ತಿಥಿ ನೋಡದೆ ಬಂದವನು ಎಂದು ಅರ್ಥ ಹೇಳುತ್ತಾರೆ. ನಾವು ಬಂದದ್ದು, ಹೊರಟದ್ದು ಎರಡೂ ತಿಂಗಳುಗಳ ಮೊದಲೇ ಗೊತ್ತಾಗಿತ್ತು. ಅತಿಥಿಗೆ ಒಬ್ಬ ಆತಿಥೇಯ ಇರಲೇಬೇಕು. ಅವರ ಎದುರು ನಾಚಿಕೆಪಡುವ, ಉಪಕಾರ ನೆನೆಯುವ, ಮುಂದೊಂದು ದಿನ ತಿರುಗಿ ಕರೆಯುವ ಹೊಣೆ ಇರುತ್ತದೆ. ದುಡ್ಡು ಕೊಟ್ಟೆವೆಂಬ ಸಮಾಧಾನ ಆ ಹೊಣೆಯನ್ನು ಸದ್ದಿಲ್ಲದೆ ಒರೆಸಿಹಾಕುತ್ತದೆ. ನನಗೆ ತಪ್ಪೆನಿಸಿದ್ದು ನಾವು ಹೋದದ್ದಲ್ಲ. ಯಾರ ಋಣವೂ ಇಲ್ಲವೆಂಬಂತೆ ಇದ್ದು ಬಂದದ್ದು.

ತಂಗಿಗೆ ಇನ್ನೊಮ್ಮೆ ಹೋಗುವ ಆಸೆ. ಮುಂದಿನ ಸಲ ಪಾದುವಾದ ಹೋಟೆಲೊಂದರಲ್ಲಿ ಉಳಿಯೋಣ, ಬೆಳಿಗ್ಗೆ ಹೋಗಿ, ಶುಲ್ಕವಿದ್ದರೆ ಕಟ್ಟಿ, ಪ್ರವಾಸಿಗಳೆಂದು ಕರೆಸಿಕೊಂಡು ಸಂಜೆ ವಾಪಸು ಬರೋಣ ಎಂದು ಹೇಳಿದ್ದೇನೆ. ಅಪ್ಪ ಫೋನಿನಲ್ಲಿ ಕೇಳಿಸಿಕೊಂಡು, "ಅಷ್ಟು ಮಾಡಿದ್ರೆ ಆಯ್ತೇನೇ?" ಎಂದರು. ಇಲ್ಲ, ಆಗುವುದಿಲ್ಲ. ಕಲ್ಲುಬೆಂಚಿನ ಆ ಸಂಜೆಗಳೂ ಅದರಲ್ಲಿ ಸಿಗುವುದಿಲ್ಲ. ಪ್ರೀತಿಸುವ ಊರಿಗಾಗಿ ನಾನು ಬಿಡಬಲ್ಲದ್ದು ಸದ್ಯಕ್ಕೆ ಇಷ್ಟು.

ಆಮೇಲೆ ಅಪ್ಪ ಆ ಅಜ್ಜಿಯ ವಿಳಾಸ ಬರೆಸಿಕೊಂಡರು. ಕಾಗದ ಹಾಕುತ್ತಾರಂತೆ. ಕನ್ನಡದಲ್ಲಿ ಬರೆದರೆ ಅವರಿಗೆ ಓದಲು ಬರುವುದಿಲ್ಲ ಎಂದೆ. "ಬರದಿದ್ರೆ ಬೇಡ. ಹೆಸರು ಇರೋ ಮನೆಗೆ ಕಾಗದ ಬರಬೇಕು" ಎಂದರು.